ಟೋಪಿ ತೆಗೆದ ಫೋಟೊ

ಮೂರನೆಯ ಸಲವೂ ಕ್ಯಾಮೆರಾ ಸರೋವರವನ್ನು ಬಿಟ್ಟು ತನ್ನ ಕಡೆಗೇ ತಿರುಗಿದ್ದನ್ನು ತ್ರಿನಿ ನೋಡಿದ. ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. ಟೋಪಿಯನ್ನು ಮಾತ್ರ ಬಲಗಿವಿಯ ಮೇಲೆ ಇನ್ನಷ್ಟು ಎಳೆದುಕೊಂಡ.

“ಮಂಜು ಆ ಕಡೆ ಇದೆ ಮೇಡಂ. ನನ್ನ ಮೋರೆ ಮೇಲಲ್ಲ.”

“ಮಂಜು ಎಲ್ಲಿಗೂ ಓಡಿಹೋಗಲ್ಲ ಬಿಡಿ,” ಎಂದಳು ನೊಯೆಮಿ.

ವೆರಾಕ್ರೂಸ್ ಕರಾವಳಿಯಿಂದ ಈ ಪಾತ್ಸ್ಕ್ವಾರೊ ಸರೋವರಕ್ಕೆ ರಜೆಗೆ ಬಂದವಳಂತೆ. ದೋಣಿಕಟ್ಟೆಯಲ್ಲಿ ಮೂವರು ಅಂಬಿಗರು ಕೈಬೀಸಿ ಕರೆದರೂ ಅವಳು ತ್ರಿನಿಯೇ ಬೇಕೆಂದಿದ್ದಳು. ಜೊತೆಗೆ ಬಂದ ಮುದುಕನಿಗೆ ನೀರೆಂದರೆ ಭಯವಂತೆ. ಕಂಬಳಿಯಲ್ಲಿ ಮುಖ ಹುದುಗಿಸಿಕೊಂಡು ದೂರದಲ್ಲೇ ನಿಂತಿದ್ದ. ಅವನ ಜೇಬಿನಲ್ಲಿ ಏನೋ ಕಟಕಟ ಎನ್ನುತ್ತಿತ್ತು. ಬೇಡಿಯಿರಬೇಕು ಎಂದು ತ್ರಿನಿಗೆ ಆಗಲೇ ಅನ್ನಿಸಿತ್ತು.

ಈ ಸರೋವರದಲ್ಲಿ ಚಿಟ್ಟೆಯ ರೆಕ್ಕೆಯಂಥ ಬಲೆಗಳಿಗೆ ಮೀನು ಬೀಳುವುದು ನಿಂತು ಕಾಲವಾಯಿತು. ಈಗ ಬೀಳುವವರು ರಜೆಗೆ ಬಂದವರು. ಬೆಳಗಿನ ಮಂಜಿನಲ್ಲಿ ಬಲೆ ಎತ್ತಿ ನಿಂತರೆ ಸಾಕು, ಹೊಟ್ಟೆಪಾಡು ನಡೆಯುತ್ತದೆ. ಹೋದ ವರ್ಷ ಹಾಗೆ ನಿಂತಿದ್ದಾಗ ಗಾಳಿ ತ್ರಿನಿಯ ಟೋಪಿ ಹಾರಿಸಿತು. ಅದೇ ಗಳಿಗೆಯಲ್ಲಿ ಯಾವನೋ ಪುಣ್ಯಾತ್ಮ ಕ್ಲಿಕ್ಕಿಸಿದ. ಗಾಳದ ಕೊಕ್ಕೆಗೆ ಸಿಕ್ಕಿ ಹರಿದ ಬಲಗಿವಿಯ ಸಮೇತ ತ್ರಿನಿ ಮಸುಕುಮಸುಕಾದ ಪೋಸ್ಟ್‌ಕಾರ್ಡಾಗಿ ಪೇಟೆಯ ಅಂಗಡಿಗಳಲ್ಲಿ ನೇತಾಡಿದ. ಅಂದಿನಿಂದ ಅವನಿಗೆ ನಿದ್ದೆಯಿಲ್ಲ.

ತ್ರಿನಿ ಅವನ ಹೆಸರೇ ಅಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ವೆರಾಕ್ರೂಸಿನಲ್ಲಿ ಅವನು ಎವಾರಿಸ್ತೊ. ಡಾಮಿನೊ ಬಿಲ್ಲೆಗಳ ಆಟದಲ್ಲಿ ಗೆಳೆಯ ಫಿದೆನ್ಸಿಯೊ ಅವನನ್ನು ಮೋಸಗಾರ ಎಂದ. ದೋಣಿಯಲ್ಲಿ ನದಿ ದಾಟಿ ಮನೆಗೆ ಹೋಗುವಾಗಲೂ ಎಂದ. ಎವಾರಿಸ್ತೊ ಕೈಯಲ್ಲಿದ್ದ ಹುಟ್ಟಿನಿಂದ ಬಾರಿಸಿದ. ಬೀಳುವವನು ಅಂಚು ಹಿಡಿದುಕೊಂಡ, ದೋಣಿ ಮಗುಚಿತು. ಅಂದೂ ಇಂಥದೇ ಮಂಜು. ಮೂರು ಸಲ ಕೂಗಿದರೂ ಉತ್ತರ ಬರಲಿಲ್ಲ. ಅವನು ಆಚೆ ದಡಕ್ಕೆ ಈಜಿ, ಹೆಣ ಸಿಗುವ ಮೊದಲೇ ಬಸ್ಸು ಹತ್ತಿ ಬೆಟ್ಟದ ಸೀಮೆಗೆ ಓಡಿಬಂದಿದ್ದ.

“ಇಲ್ಲಿ ಆಳ ಎಷ್ಟು?” ನೊಯೆಮಿ ಕೇಳಿದಳು.

“ಈಜು ಬರದವರಿಗೆ ಸಾಕಾಗೋವಷ್ಟು.”

“ನಂಗೆ ಬರಲ್ಲ. ಅಪ್ಪ ಕಲಿಸಲೇ ಇಲ್ಲ.” ಅವಳು ಮತ್ತೆ ಕ್ಯಾಮೆರಾ ಎತ್ತಿದಳು. “ಸತ್ತವರ ಹಬ್ಬಕ್ಕೆ ನೀವು ಯಾರಿಗೆ ಮೇಣದಬತ್ತಿ ಹಚ್ತೀರಿ?”

“ಒಬ್ಬ ಗೆಳೆಯನಿಗೆ.”

“ಹೇಗೆ ಹೋದ್ರು?”

“ನೀರಲ್ಲಿ.”

“ನಮ್ಮನೇಲೂ ಒಬ್ಬರಿಗೆ ಹಚ್ತೀವಿ. ಅವರೂ ನೀರಲ್ಲೇ. ಇಪ್ಪತ್ತೆರಡು ವರ್ಷ ಆಯ್ತು.”

ಹುಟ್ಟು ನಿಂತಿತು. ಫಿದೆನ್ಸಿಯೊನಿಗೆ ಆಗ ಎರಡು ವರ್ಷದ ಮಗಳಿದ್ದಳು. ಅದೇ ಅಗಲ ಹಣೆ, ಅದೇ ಮೊಂಡು ಗದ್ದ. ಈಜು ಕಲಿಸಲು ಅಪ್ಪನನ್ನು ತಾನು ಉಳಿಸಿದ್ದರಲ್ಲವೇ?

ದಡ ಕಾಣುತ್ತಿರಲಿಲ್ಲ. ದಡಕ್ಕೂ ದೋಣಿ ಕಾಣುತ್ತಿರಲಿಲ್ಲ. ಒಂದು ಕಾಲನ್ನು ಅಂಚಿನ ಮೇಲೆ ಊರಿದರೆ ಸಾಕು. ಮಂಜಿತ್ತು, ಹುಡುಗಿ ಎದ್ದು ನಿಂತಳು ಎಂದುಬಿಡಬಹುದು. ಎವಾರಿಸ್ತೊನ ಕಾಲು ನಿಧಾನವಾಗಿ ಅಂಚಿಗೆ ಹೋಯಿತು.

“ಟೋಪಿ ತೆಗೀರಿ,” ಎಂದಳು ಅವಳು. “ಒಂದೇ ಒಂದು ಫೋಟೊ. ಅದಕ್ಕೇ ಅಷ್ಟು ದೂರದಿಂದ ಬಂದಿದ್ದು.”

ದೋಣಿ ವಾಲಿತು. ಅವಳು ಗಾಬರಿಯಿಂದ ಹಿಡಿದುಕೊಂಡದ್ದು ಅವನ ಮೊಣಕೈಯನ್ನೇ. ಆ ಬೆರಳುಗಳು ಬಿಗಿಯಾದವು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕಾಲನ್ನು ಒಳಗೆ ಎಳೆದುಕೊಂಡು, ಹುಟ್ಟನ್ನು ಕೆಳಗಿಟ್ಟು, ಟೋಪಿ ತೆಗೆದ.

“ತಗೋ ಮಗಳೇ. ಪೊಲೀಸರಿಗೆ ಕೊಡು. ನಿಮ್ಮಪ್ಪನ್ನ ಕೊಂದವನು ನಾನೇ.”

ಕ್ಯಾಮೆರಾ ಕ್ಲಿಕ್ಕೆಂದಿತು. ಅವಳು ಅವನನ್ನೇ ದಿಟ್ಟಿಸಿದಳು. ಆಮೇಲೆ ಚೀಲದಿಂದ ಒಂದು ಹಳೆಯ ಫೋಟೊ ತೆಗೆದಳು. ಅಂಚೆಲ್ಲ ಮೇಣದ ಹನಿ. ಚಿತ್ರದಲ್ಲಿದ್ದವನು ಹರೆಯದ ಎವಾರಿಸ್ತೊ, ಹರಿದ ಕಿವಿಯವನು.

“ಹಬ್ಬದ ದಿನ ಸತ್ತವರ ಸಾಲಲ್ಲಿ ಇದನ್ನ ಇಡ್ತೀವಿ,” ಎಂದಳು. “ಬದುಕಿರೋರ ಫೋಟೊ ಅಲ್ಲಿಡಬಾರದಲ್ವಾ? ಪೋಸ್ಟ್‌ಕಾರ್ಡ್ ತೋರಿಸಿದ್ರೂ ನಂಬಲಿಲ್ಲ. ಹತ್ತಿರದಿಂದ ಕಿವಿ ಕಾಣೋ ಫೋಟೊ ತಂದ್ರೇನೇ ಇದನ್ನ ತೆಗೀತೀನಿ ಅಂತ ಹಟ.”

“ಯಾರದು ಹಟ?”

“ದಡದಲ್ಲಿ ಡಾಮಿನೊ ಬಿಲ್ಲೆ ಜೇಬಲ್ಲಿಟ್ಕೊಂಡು ಕಾಯ್ತಿದ್ದಾರಲ್ಲ, ಅಪ್ಪಂದು. ದೋಣಿ ಮಗುಚಿ ನಿಮ್ಮನ್ನ ಮುಳುಗಿಸಿದ್ದು ತಾನೇ ಅಂತ ಇಪ್ಪತ್ತೆರಡು ವರ್ಷದಿಂದ ಅಳ್ತಿದ್ದಾರೆ.”