ನಾಲ್ಕು ಬೆರಳು ಕೂದಲು

ನೆನಪೆಲ್ಲ ಕೂದಲಲ್ಲೇ ಇರುವುದರಿಂದ ಮಿಲಿಟರಿಗೆ ಸೇರುವ ಗಂಡಸರಿಗೆ ಮೊದಲ ದಿನವೇ ತಲೆ ಬೋಳಿಸುತ್ತಾರೆ. ಹೆಂಗಸರಿಗೆ ಮಾತ್ರ, ಮನೆಯವರ ಮುಖ ಮರೆಯದಷ್ಟು, ನಾಲ್ಕು ಬೆರಳು ಕೂದಲು ಬಿಡಬೇಕೆಂದು ನಿಯಮ.

ಫಕೀರಪ್ಪ ಕುರ್ಚಿಯಿಂದೆದ್ದು ಬೋಳು ತಲೆ ಸವರಿಕೊಂಡ. ಸರದಿಯಲ್ಲಿ ನಿಂತಿದ್ದ ಅಕ್ಕ ನೀಲವ್ವನನ್ನು ನೋಡಿ ನಕ್ಕ.

"ಕುಂದರ್ರಿ ಮೇಡಂ, ಕುರ್ಚಿ ಖಾಲಿ ಆತು."

ಬೆಳಿಗ್ಗೆ ಅವನ ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದವಳು ಅವಳೇ.

ನೀಲವ್ವ ಕೂತು ಜಡೆ ಬಿಚ್ಚಿದಳು. "ಕಾಕಾ, ನನಗೂ ಬೋಳ ಹೊಡೀರಿ."

"ಹಂಗ ಬರೂದಿಲ್ಲ ಮಗಳ," ಎಂದು ಕ್ಷೌರಿಕ ಅವಳ ಕೂದಲಿಗೆ ನಾಲ್ಕು ಬೆರಳು ಹಿಡಿದು ಅಳೆದ.

"ಅವಗ ಬ್ಯಾಡಾದ ನೆನಪು ನನಗ್ಯಾಕ ಬೇಕ್ರಿ?"

"ನಾಳೆ ಹೆಣದ ಗುರುತು ಹಿಡಿಯಾಕ ಯಾರರ ಒಬ್ಬರು ಬೇಕಲ್ಲ? ತಲಿ ಅಳ್ಳಾಡಸಬ್ಯಾಡ, ಸುಮ್ನ ಕುಂದರು."