ನಡುಗೋಡೆಯ ವೈರು

ಮೀಟರ್ ಪೆಟ್ಟಿಗೆಯ ಬಾಗಿಲು ತೆಗೆದ ಅಣ್ಣ ಹಾಗೇ ನಿಂತುಬಿಟ್ಟ. ಅವನ ಮೀಟರಿನಿಂದ ಹೊಸ ವೈರೊಂದು ಹೊರಟು ನಡುಗೋಡೆಯೊಳಗೆ ನುಗ್ಗಿತ್ತು. ಸುತ್ತಿದ ಟೇಪು ಇನ್ನೂ ಮಿರಮಿರ ಹೊಳೆಯುತ್ತಿತ್ತು. ಗೋಡೆಯ ಆಚೆ ತಮ್ಮನ ಮನೆ.

ಆ ತಿಂಗಳು ಕರೆಂಟ್ ಬಿಲ್ಲಿಗೆಂದು ಬ್ಯಾಂಕಿನಿಂದ ತಾನಾಗಿಯೇ ಕಡಿತವಾದ ಹಣ ಎರಡೂವರೆ ಪಟ್ಟಾಗಿತ್ತು. ಹನ್ನೊಂದು ವರ್ಷದಿಂದ ಹೆಚ್ಚೂಕಮ್ಮಿ ಒಂದೇ ಮೊತ್ತ ಹೋಗುತ್ತಿದ್ದುದರಿಂದ ಅವನು ಅತ್ತ ನೋಡುವುದನ್ನೇ ಬಿಟ್ಟಿದ್ದ. ಮನೆಗೆ ಹೊಸದಾಗಿ ಒಂದು ಬಲ್ಬೂ ಬಂದಿರಲಿಲ್ಲ.

ಬಂದದ್ದು ಆಚೆ ಮನೆಗೆ. ಬೇಕರಿ ಮುಚ್ಚಿ ಕೆಲಸ ಹೋದ ಮೇಲೆ ತಮ್ಮ ಮನೆಯಲ್ಲೇ ಬ್ರೆಡ್ಡು ಮಾಡಿ ಮಾರಲು ಶುರುಮಾಡಿದ್ದ. ಹೋದ ತಿಂಗಳು ಆಳೆತ್ತರದ ಓವನ್ ಬಂತು. ಅದರ ಬೆನ್ನಿಗೇ ಎಲೆಕ್ಟ್ರಿಷಿಯನ್ ಬಂದು ಇಡೀ ದಿನ ಗೋಡೆ ಕೊರೆದ. "ಆಹಾ, ಏನು ಘಮ!" ಎಂದು ಅಣ್ಣ ಬಾಯಿ ತುಂಬ ಹೊಗಳಿದ್ದ. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯಿತು.

ಕಳ್ಳರನ್ನು ಹಿಡಿಯುವುದೇ ಅಣ್ಣನ ಕೆಲಸ. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವ ಸರ್ಕಾರಿ ಇನ್‌ಸ್ಪೆಕ್ಟರು. ಮುದ್ರೆ ಮುರಿದದ್ದು ಕಂಡರೆ ಸಾಕು, ತೂಗಿ ನೋಡುವ ಗೋಜಿಗೂ ಹೋಗುತ್ತಿರಲಿಲ್ಲ. ಇಲ್ಲೂ ಅಷ್ಟೇ. ಹೊಸ ವೈರು ಕಂಡಿತು, ಮುಗಿಯಿತು.

ಒಂದು ಮನೆಯನ್ನು ಎರಡು ಮಾಡಿ ಗೋಡೆ ಎಬ್ಬಿಸಿದಾಗ ವೈರಿಂಗನ್ನು ಪಕ್ಕದಲ್ಲೇ ನಿಂತು ಮಾಡಿಸಿದವನೂ ಅವನೇ. "ನಿನಗ್ಯಾಕೆ ತಲೆಬಿಸಿ, ನಾನಿದ್ದೀನಲ್ಲ" ಎಂದಿದ್ದ. ಎತ್ತಿ ಆಡಿಸಿದ ತಮ್ಮ. ಹೆತ್ತ ಮಗನಂತೆ ನೋಡಿಕೊಂಡ ತಮ್ಮ. ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಕದಿಯಬೇಕಿತ್ತೇ? ಬೆನ್ನಿಗೆ ಚೂರಿ ಹಾಕಿದನಲ್ಲ!

ಹೋಗಿ ಆಚೆ ಮನೆಯ ಬಾಗಿಲು ಬಡಿದ. ಕೈಗಂಟಿದ ಮೈದಾ ಒರೆಸಿಕೊಳ್ಳುತ್ತ ತಮ್ಮ ಬಾಗಿಲಿಗೆ ಬಂದ.

"ಈ ವೈರು ಎಳೆಸಿದ್ದು ಯಾರು?"

ತಮ್ಮನ ಮುಖ ಬಿಳಿಚಿಕೊಂಡಿತು. "ನಾನೇ ಅಣ್ಣ."

"ನನಗೆ ಒಂದು ಮಾತು ಹೇಳದೆ?"

"ಹೇಳೋಕೆ ಬಾಯಿ ಬರ್ಲಿಲ್ಲ."

"ಥೂ! ನಾಚಿಕೆ ಆಗಲ್ವೇನೋ?"

"ಏನು ಬೇಕಾದ್ರೂ ಬೈಯಿ. ಹೆಚ್ಚಿಗೆ ಹೋದ ದುಡ್ಡು ನಾನೇ ಕೊಡ್ತೀನಿ. ಕರೆಂಟ್ ಆಫೀಸಿಗೆ ಮಾತ್ರ ದೂರು ಕೊಡ್ಬೇಡ ಅಣ್ಣ, ಕಾಲಿಗೆ ಬೀಳ್ತೀನಿ. ಕೆಲಸಕ್ಕೇ ಕುತ್ತು ಬರುತ್ತೆ."

"ಬರ್ಲಿ! ಇಂಥ ಕಳ್ಳ ಕೆಲಸ ಇದ್ದರೆಷ್ಟು, ಬಿಟ್ಟರೆಷ್ಟು? ಇವತ್ತಿಗೆ ನೀನು ನನ್ನ ತಮ್ಮನೂ ಅಲ್ಲ, ನಾನು ನಿನ್ನ ಅಣ್ಣನೂ ಅಲ್ಲ."

ತಮ್ಮ ಎರಡೂ ಕೈ ಜೋಡಿಸಿದ.

ಅಣ್ಣ ಅಂದೇ ದೂರು ಬರೆದ, ಸಹಿ ಹಾಕಿದ, ತಾನೇ ಹೋಗಿ ಕೊಟ್ಟುಬಂದ.

ಮೂರನೆಯ ದಿನ ವಿದ್ಯುತ್ ಕಚೇರಿಯ ಅಧಿಕಾರಿ ಬಂದ. ವೈರಿನ ಜಾಡು ಹಿಡಿದು ಎರಡೂ ಮನೆ ಸುತ್ತಿದ. ಒಂದೊಂದೇ ಸ್ವಿಚ್ಚು ಹಾಕಿ, ಆರಿಸಿ ನೋಡಿದ. ಇಬ್ಬರ ಹಳೆಯ ಬಿಲ್ಲುಗಳನ್ನೂ ಪಕ್ಕಪಕ್ಕ ಇಟ್ಟು ಓದಿದ. ಅಣ್ಣ ಕೈಕಟ್ಟಿ ನಿಂತಿದ್ದ. ತಮ್ಮ ತಲೆ ಎತ್ತಲಿಲ್ಲ.

"ಕಳ್ಳತನ ಆಗಿರೋದು ನಿಜ ಸಾರ್," ಎಂದ ಅಧಿಕಾರಿ. "ಲಿಖಿತ ದೂರು ಬಂದ ಮೇಲೆ ಕೇಸು ಹಾಕ್ಲೇಬೇಕು."

"ಹಾಕಿ. ಒಡಹುಟ್ಟಿದವನು ಅಂತ ದಾಕ್ಷಿಣ್ಯ ಬೇಡ."

ಅಧಿಕಾರಿ ಬಿಲ್ಲುಗಳನ್ನು ಮಡಿಸಿದ. "ಕೇಸು ಬೀಳೋದು ನಿಮ್ಮ ಮೇಲೆ ಸಾರ್. ಗೋಡೆ ಎದ್ದಾಗಿನಿಂದ ನಿಮ್ಮ ಗೀಸರು, ನಿಮ್ಮ ಪಂಪು ಎರಡೂ ಓಡಿರೋದು ಇವರ ಮೀಟರಿನಲ್ಲಿ. ಹೋದ ತಿಂಗಳು ಅದು ಗೊತ್ತಾಗಿ, ಇವರು ಈ ವೈರು ಎಳೆಸಿ ನಿಮ್ಮದನ್ನ ನಿಮ್ಮ ಮೀಟರಿಗೆ ಸೇರಿಸಿ ಸುಮ್ಮನಿದ್ದಾರೆ, ಅಷ್ಟೇ."