ಮೊಹಿತೊ ಹುಟ್ಟಿದ ಮನೆ

ಒಂದು ಲೋಟ ಮೊಹಿತೊಗೆ ಬೀಳುವ ರಮ್ಮು ಇಪ್ಪತ್ತು ಪೇಸೊ. ಸೋಡ ಎಂಟು. ನಿಂಬೆ, ಸಕ್ಕರೆ, ಪುದೀನ ಸೇರಿ ನಾಲ್ಕು. ಒಟ್ಟು ಮೂವತ್ತೆರಡು. ಹಳೇ ಹವಾನಾದ ಆ ಓಣಿಯಲ್ಲಿ ಅದೇ ಲೋಟ ತೊಂಬತ್ತಾರಕ್ಕೆ ಹೋಗುತ್ತಿತ್ತು. ಮಿಕ್ಕ ಅರವತ್ತನಾಲ್ಕು ಪೇಸೊ ಇತಿಹಾಸದ್ದು.

ಓಣಿಯಲ್ಲಿ ಇತಿಹಾಸ ಎರಡಿತ್ತು, ಎದುರುಬದುರಾಗಿ. ಒಂದು ಕಡೆ ಮಿಗ್ದಾಲಿಯಾಳ ಬಾರು. ಅಜ್ಜ ಬಾರು ನಡೆಸುತ್ತಿದ್ದ ಮುಂಗೋಣೆಯನ್ನೇ ಅವಳು ಮತ್ತೆ ತೆರೆದಿದ್ದಳು. ಹಿಂದಿನ ಕೋಣೆಗಳಲ್ಲಿ ಅವಳು, ಮುದಿ ತಾಯಿ, ಇಬ್ಬರು ಹೆಣ್ಣುಮಕ್ಕಳು. ಇನ್ನೊಂದು ಕಡೆ ಫೆರ್ಮಿನ್‌ನ ಬಾರು. ಅದು ಮೂವತ್ತು ವರ್ಷ ಬೂಟು ರಿಪೇರಿ ಅಂಗಡಿಯಾಗಿದ್ದ ಜಾಗ. ಮೇಲಿನ ಅಟ್ಟದಲ್ಲಿ ಅವನ ವಾಸ. ‘ಮೊಹಿತೊ ಹುಟ್ಟಿದ ಮನೆ’ ಎಂದು ಎರಡೂ ಗೋಡೆಗಳ ಮೇಲೆ ಬರೆದಿತ್ತು.

ಮಿಗ್ದಾಲಿಯಾ 1921 ಎಂದು ಬರೆಸಿದಳು. ಮೊಹಿತೊ ಮೊದಲು ಬೆರೆಸಿದ್ದು ಅಜ್ಜನೇ ಎಂಬ ಅವಳ ಕಥೆ ನಿಜವೇ ಇದ್ದರೂ ಇರಬಹುದು ಎಂದು ಓಣಿಯ ಹಿರಿಯರು ಹೇಳುತ್ತಿದ್ದರು. ಫೆರ್ಮಿನ್ ಮರುವಾರವೇ 1910 ಎಂದು ಬರೆಸಿದ. ಅವಳು ಸುಮ್ಮನಿದ್ದರೂ ಅವನ ವರ್ಷ ಇಳಿಯುತ್ತಲೇ ಹೋಗಿ 1791ರಲ್ಲಿ ನಿಂತಿತು. ಆಗ ಆ ಊರು ಮೊಹಿತೊಗೆ ಬೇಕಾದ ಮಂಜುಗಡ್ಡೆಯನ್ನೇ ಕಂಡಿರಲಿಲ್ಲ. ಪ್ರವಾಸಿಗರಿಗೆ ಅದರ ಉಸಾಬರಿ ಬೇಕಿರಲಿಲ್ಲ. ಎರಡೂ ಕಡೆ ಫೋಟೊ ತೆಗೆಸಿಕೊಂಡು, ಎರಡೂ ಕಡೆ ಕುಡಿದು ಹೋಗುತ್ತಿದ್ದರು.

ಮೇ ತಿಂಗಳಲ್ಲಿ ಪರಂಪರೆ ಕಾಯುವ ಇಲಾಖೆಗೆ ಎಚ್ಚರವಾಯಿತು. ಹೆತ್ತ ತಾಯಿ ಒಬ್ಬಳೇ, ಹುಟ್ಟಿದ ಮನೆಯೂ ಒಂದೇ ಇರಬೇಕು. ಸಮಿತಿ ಬಂದು ನೋಡುತ್ತದೆ, ನಿಜವಾದ ಮನೆಗೆ ಹಿತ್ತಾಳೆ ಫಲಕ ಹಾಕುತ್ತದೆ. ಹನ್ನೊಂದು ಪುಟದ ಕಾಗದ ಇಬ್ಬರಿಗೂ ಬಂತು. ಫೆರ್ಮಿನ್ ಮೊದಲ ಪುಟಕ್ಕೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ. ಮಿಗ್ದಾಲಿಯಾ ಅಡುಗೆಮನೆಯಲ್ಲಿ ಕೂತು ಹನ್ನೊಂದನ್ನೂ ಎರಡು ಸಲ ಓದಿದಳು. ಮೊಹಿತೊ ಎಲ್ಲಿ ಹುಟ್ಟಿತು ಎಂಬ ಒಂದು ಮಾತಿನ ಮೇಲೆ ತನ್ನ ಮನೆಮಠವೆಲ್ಲ ನಿಂತುಬಿಟ್ಟಿದೆ ಎಂದು ಅವಳಿಗೆ ಅರ್ಥವಾಯಿತು.

ಮಾರನೆಯ ದಿನವೇ ಗಾರೆ ಮೇಸ್ತ್ರಿಯನ್ನು ಕರೆಸಿದಳು. ಗೋಡೆಗೆ ಸುಣ್ಣ, ಬಾಗಿಲಿಗೆ ಬಣ್ಣ, ಮುಂಗೋಣೆಯ ಹಳೇ ಚಪ್ಪಡಿಗಳನ್ನು ಕಿತ್ತು ಬಿಳೀ ಟೈಲು. ಮೇಸ್ತ್ರಿಗೆ ಕೈ ಬರಲಿಲ್ಲ.

“ಇಂಥ ಕಲ್ಲು ಇನ್ನೆಲ್ಲಿ ಸಿಗುತ್ತೆ ಅಕ್ಕಾ?”

“ದೊಡ್ಡೋರು ಬರ್ತಿದಾರಪ್ಪಾ. ಮನೆ ಚೊಕ್ಕಟವಾಗಿರ್ಲಿ.”

ಅಜ್ಜನ ಫೋಟೊ ಗೋಡೆಯಿಂದ ಇಳಿದಾಗ ತಾಯಿ ಅತ್ತಳು. ಗಂಡು ದಿಕ್ಕಿಲ್ಲದ ಮನೆ, ಗೆಲ್ಲಲೇಬೇಕೆಂದು ಒದ್ದಾಡುತ್ತಿದ್ದಾಳೆ ಪಾಪ ಎಂದು ನೆರೆಹೊರೆಯವರು ಮರುಗಿದರು.

ಸಮಿತಿ ಬರುವ ಹಿಂದಿನ ದಿನ ಫೆರ್ಮಿನ್ ರಸ್ತೆ ದಾಟಿ ಬಂದು ಹೊಸಿಲ ಮೇಲೆ ನಿಂತ.

“ಸುಣ್ಣ ಬಳಿದ್ರೆ ಅಜ್ಜ ಎದ್ದು ಬಂದು ಸಾಕ್ಷಿ ಹೇಳ್ತಾನಾ, ಮಿಗ್ದಾಲಿಯಾ?”

“ಆ ಕಾಗದ ಪೂರ್ತಿ ಓದಿದ್ಯಾ ನೀನು?”

“ನಂಗೆ ಬೇಕಾದ್ದು ಮೊದಲನೇ ಪುಟದಲ್ಲೇ ಇದೆ.”

“ಮಿಕ್ಕಿದ್ದೂ ಓದು ಮಾರಾಯ. ಬೇಡ ಅನ್ನೋಕೆ ಇನ್ನೂ ಹೊತ್ತಿದೆ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹೆದರಿದವಳ ಮಾತು ಹೀಗೇ ಇರುತ್ತದೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದ.

ಸಮಿತಿಯ ಮುಖ್ಯಸ್ಥೆ ಡಾಕ್ಟರ್ ಕಿಂತಾನಾ ರಮ್ಮಿನ ಮೇಲೆ ನಾಲ್ಕು ಪುಸ್ತಕ ಬರೆದವಳು, ಒಂದು ಹನಿ ಕುಡಿದವಳಲ್ಲ. ಕಥೆ ಹೇಳಲು ಬಂದವರನ್ನೆಲ್ಲ ಕೈಯೆತ್ತಿ ತಡೆದಳು. ಬಾಯಿ ಸುಳ್ಳು ಹೇಳುತ್ತದೆ, ನೆಲ ಹೇಳುವುದಿಲ್ಲ ಎಂದಳು.

ಓಣಿಗೆ ತಟ್ಟನೆ ಅರ್ಥವಾಯಿತು. ಹೊಸ ಬಾಟಲಿ ತೆರೆದಾಗ ಮೊದಲ ತೊಟ್ಟು ಕುಡಿಯುವವರದಲ್ಲ. ಅದು ಸಂತರದು, ಸತ್ತವರದು; ಕೋಣೆಯ ಮೂಲೆಗೆ ಚೆಲ್ಲಬೇಕು. ಹವಾನಾದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ನೂರು ವರ್ಷದ ಬಾರಾದರೆ ಮೂಲೆಯ ಕಲ್ಲು ರಮ್ಮು ಕುಡಿದೂ ಕುಡಿದೂ ಕಪ್ಪಾಗಿರಲೇಬೇಕು.

ಮಿಗ್ದಾಲಿಯಾಳ ಮೂಲೆ ಹಾಲಿನಂತೆ ಬೆಳ್ಳಗಿತ್ತು.

“ಇಲ್ಲಿದ್ದ ಕಲ್ಲು?” ಡಾಕ್ಟರ್ ಕೇಳಿದಳು.

“ಒಡೆದು ಎಸೆದ್ವಿ, ಡಾಕ್ಟರಮ್ಮ. ಕರೆ ಹಿಡಿದು ಅಸಹ್ಯವಾಗಿತ್ತು.”

ಕಿಟಕಿಯಾಚೆ ಜನ ಹಣೆ ಚಚ್ಚಿಕೊಂಡರು. ಅಜ್ಜನ ಚಿತ್ರವಾದರೂ ಇದೆಯೇ ಎಂದದ್ದಕ್ಕೆ ಗೆದ್ದಲು ತಿಂದಿತು ಎಂದಳು. ತಲೆ ಎತ್ತಲಿಲ್ಲ.

ಫೆರ್ಮಿನ್‌ನ ಮೂಲೆಯಲ್ಲಿ ಬೂಟಿನ ಕಪ್ಪು ಬಣ್ಣ ಮೂವತ್ತು ವರ್ಷ ಚೆಲ್ಲಿ ಇಂಗಿತ್ತು. ಡಾಕ್ಟರ್ ಮಂಡಿಯೂರಿ ಕುಳಿತಳು. ಬೆರಳಿನಿಂದ ಉಜ್ಜಿದಳು, ಕಣ್ಣು ಮುಚ್ಚಿ ಮೂಸಿದಳು. ಇನ್ನೂರು ವರ್ಷಕ್ಕೆ ಕಡಿಮೆಯಿಲ್ಲದ ರಮ್ಮು ಎಂದು ಸಹಾಯಕನಿಂದ ಬರೆಸಿದಳು. ಆ ಮೂಲೆಯಲ್ಲೇ ಬೂಟು ಹೊಲಿಸಿಕೊಂಡಿದ್ದವರು ಹತ್ತಾರು ಮಂದಿ ಅಲ್ಲಿದ್ದರು. ನಾಲ್ಕು ಪುಸ್ತಕ ಬರೆದವಳಿಗೆ ಹೇಳುವವರು ಯಾರು?

ಶುಕ್ರವಾರ ವಾದ್ಯದವರು ಬಂದರು, ಫಲಕ ಗೋಡೆಗೆ ಏರಿತು. ಫೆರ್ಮಿನ್ ಬಿಕ್ಕಿ ಬಿಕ್ಕಿ ಅತ್ತ. ಮಿಗ್ದಾಲಿಯಾ ರಸ್ತೆ ದಾಟಿ ಹೋಗಿ ಅವನನ್ನು ತಬ್ಬಿಕೊಂಡಳು. ಅವಳ ಕಣ್ಣೂ ಒದ್ದೆಯಾಗಿತ್ತು. ಸೋತರೂ ಎಂಥ ದೊಡ್ಡ ಮನಸ್ಸು ಎಂದು ಓಣಿ ಮೆಚ್ಚಿಕೊಂಡಿತು.

ಸೋಮವಾರ ಇಲಾಖೆಯವರು ಬೀಗ ಹಿಡಿದುಕೊಂಡು ಬಂದು ಫೆರ್ಮಿನ್‌ಗೆ ಒಂಬತ್ತನೇ ಪುಟ ಓದಿ ಹೇಳಿದರು: ಫಲಕ ಹಾಕಿದ ಮನೆ ಅಂದಿನಿಂದ ರಾಷ್ಟ್ರದ ಆಸ್ತಿ, ಅಲ್ಲಿ ಯಾರೂ ಏನನ್ನೂ ಮಾರುವಂತಿಲ್ಲ, ವಾಸವಿದ್ದವರಿಗೆ ಊರಾಚೆ ಐದನೇ ಮಹಡಿಯಲ್ಲಿ ಒಂದು ಫ್ಲಾಟು. ಈಗ ಅವನು ಸಮವಸ್ತ್ರ ತೊಟ್ಟು ಅದೇ ಬಾಗಿಲಲ್ಲಿ ನಿಂತು, ಬಂದವರಿಗೆ ಏನನ್ನೂ ಮುಟ್ಟಬೇಡಿ ಎನ್ನುತ್ತಾನೆ. ನೋಡಿ ಬಾಯಾರಿದವರು ರಸ್ತೆ ದಾಟುತ್ತಾರೆ. ಕೆಲಸ ಮುಗಿಸಿ ಬರುವ ಫೆರ್ಮಿನ್‌ಗೆ ಮಿಗ್ದಾಲಿಯಾ ದಿನಕ್ಕೊಂದು ಲೋಟ ಪುಕ್ಕಟೆ ಕೊಡುತ್ತಾಳೆ.

ಅವಳು ಕಳೆದುಕೊಂಡದ್ದು ಅಜ್ಜನ ಹೆಸರು, ಉಳಿಸಿಕೊಂಡದ್ದು ಅಜ್ಜನ ಮನೆ.